ಬಹುಮಾಧ್ಯಮವೂ ಬೋಧನ ಮಾಧ್ಯಮವೂ: ಮಂಗಳೂರಿನ ಎಳೆಯ ಮಕ್ಕಳ ಇಂಗ್ಲಿಷು ಕಲಿಕೆ

ಶಾಸ್ತ್ರವಿಚಾರದಲ್ಲಿ ಒಂದೇ ಶಬ್ದವು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಗೆ ಬಂದರೆ, ಆ ಅರ್ಥಭೇದವನ್ನು ಮೊದಲು ನಿಶ್ಚಯಿಸಿಕೊಳ್ಳದೆ ನಡೆಸುವ ಚರ್ಚೆಯು ಬಹುಮಟ್ಟಿಗೆ ವ್ಯರ್ಥವಾಗುವುದು. ನಮ್ಮ ವಿದ್ಯಾಭ್ಯಾಸದ ಮಾತುಕತೆಯಲ್ಲಿ 'ಮಾಧ್ಯಮ' ಎಂಬ ಶಬ್ದಕ್ಕೆ ಈಗ ಇಂತಹ ಸ್ಥಿತಿಯು ಒದಗಿದೆ. 'ಕನ್ನಡ ಮಾಧ್ಯಮ', 'ಇಂಗ್ಲಿಷು ಮಾಧ್ಯಮ' ಎಂದು ಹೇಳುವಾಗ, ಗಣಿತ ಚರಿತ್ರೆ ವಿಜ್ಞಾನ ಮೊದಲಾದ ಸಕಲ ವಿಷಯಗಳನ್ನೂ ಯಾವ ಭಾಷೆಯ ಮೂಲಕ ಕಲಿಸುತ್ತೇವೆಯೋ ಆ ಭಾಷೆ ಎಂದು ಅರ್ಥ. 'ಬಹುಮಾಧ್ಯಮ' ಎಂದು ಹೇಳುವಾಗ, ಧ್ವನಿ, ಚಿತ್ರ, ಚಲಚ್ಚಿತ್ರ, ಲಿಪಿ ಎಂಬಿವನ್ನು ಒಂದೇ ಯಂತ್ರದಲ್ಲಿ ಜೋಡಿಸಿ ವಿದ್ಯಾರ್ಥಿಯ ಕಣ್ಣು ಕಿವಿಗಳೆರಡಕ್ಕೂ ಒಪ್ಪಿಸುವ ಸಾಧನ ಎಂದು ಅರ್ಥ. ಮೊದಲನೆಯದು ಭಾಷೆಯ ಪ್ರಶ್ನೆ. ಎರಡನೆಯದು ಉಪಕರಣದ ಪ್ರಶ್ನೆ.

ಇವೆರಡನ್ನೂ ಬೇರ್ಪಡಿಸಿಕೊಂಡು ನೋಡಿದಲ್ಲಿ, ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕೆಂಬ ಒಂದೇ ಕಾರಣಕ್ಕಾಗಿ ಮಗುವಿನ ಸಮಸ್ತ ವಿದ್ಯೆಯನ್ನೂ ಇಂಗ್ಲಿಷು ಮಾಧ್ಯಮಕ್ಕೆ ಒಪ್ಪಿಸಬೇಕಾದ ಅಗತ್ಯವಿಲ್ಲವೆಂದೂ, ಬಹುಮಾಧ್ಯಮವನ್ನು ವಿವೇಕದಿಂದ ಉಪಯೋಗಿಸಿದರೆ ಕನ್ನಡ ಶಾಲೆಯಲ್ಲಿಯೇ ಆ ಭಾಷೆಯನ್ನು ಒಂದು ವಿಷಯವಾಗಿ ಸಮರ್ಪಕವಾಗಿ ಕಲಿಸಬಹುದೆಂದೂ ತಿಳಿಯಬರುವುದು. ಈ ಮಾತನ್ನು ಮಂಗಳೂರಿನ ಮಕ್ಕಳನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧

ಚಿತ್ರ ಮತ್ತು ಶಬ್ದಗಳನ್ನು ಕೂಡಿಸಿ ಪರಭಾಷೆಯನ್ನು ಕಲಿಸುವ ಯತ್ನವು ಹೊಸದಲ್ಲ. ಮೊರಾವಿಯಾ ದೇಶದ ಶಿಕ್ಷಣತಜ್ಞನಾದ ಕೊಮೇನಿಯಸನು ೧೬೫೮ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ 'ಚಿತ್ರಮಯ ಜಗತ್ತು' ಎಂಬರ್ಥದ ಹೆಸರುಳ್ಳ ಪುಸ್ತಕವೊಂದನ್ನು ಪ್ರಕಟಿಸಿದನು. ಅದರಲ್ಲಿ ಒಂದೊಂದು ಪಾಠಕ್ಕೂ ಒಂದೊಂದು ಚಿತ್ರವಿದ್ದು, ಚಿತ್ರದೊಳಗಿನ ವಸ್ತುಗಳಿಗೆ ಅಂಕೆಗಳನ್ನು ಕೊಟ್ಟು, ಅವುಗಳ ಹೆಸರುಗಳನ್ನು ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಎದುರು ಬದುರಾಗಿ ಅಚ್ಚುಹಾಕಲಾಗಿತ್ತು. ಮಗುವು ಅರಿಯದ ಭಾಷೆಯನ್ನು ಕಲಿಯುವಾಗಲೂ ಅರಿತ ಭಾಷೆಯು ಪಕ್ಕದಲ್ಲಿಯೇ ಇತ್ತೆಂಬುದನ್ನು ವಾಚಕರು ಗಮನಿಸಬೇಕು.

ಮಂಗಳೂರಿಗೆ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಬಂದರು. ೧೮೪೧ರಲ್ಲಿ ಶಿಲಾಮುದ್ರಣದ ಅಚ್ಚುಕೂಟವನ್ನು ಸ್ಥಾಪಿಸಿದರು. ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ಶಿಲಾಮುದ್ರಣದ ವಿಶೇಷ ಗುಣವೇನೆಂದರೆ, ಅಕ್ಷರವನ್ನೂ ಚಿತ್ರವನ್ನೂ ಒಂದೇ ಕಲ್ಲಿನ ಮೇಲೆ ಒಂದೇ ಕೈಯಿಂದ ಬರೆಯಬಹುದು. ಹೀಗೆ ಕಣ್ಣಿಗೆ ಸಂಬಂಧಿಸಿದ ಎರಡು ಸಾಧನಗಳು ಒಂದಾದುವು. ಆದರೆ ಕಿವಿಯ ಪಾಲಿಗೆ ಉಪಾಧ್ಯಾಯರ ಕಂಠವೊಂದೇ ಇದ್ದಿತು. ಎಡಿಸನ್ನನು ಧ್ವನಿಗ್ರಹಣ ಯಂತ್ರವನ್ನು ನಿರ್ಮಿಸಿದ್ದು ೧೮೭೭ರಲ್ಲಿ. ಅಲ್ಲಿಂದ ಮುಂದೆ, ಮಾತನಾಡುವವನಿಲ್ಲದಿದ್ದರೂ ಮಾತನ್ನು ಎಷ್ಟು ಸಲ ಬೇಕಾದರೂ ಕೇಳಬಹುದೆಂಬುದು ಸಾಧ್ಯವಾಯಿತು.

ಕರ್ನಾಟಕದಲ್ಲಿ ದೃಶ್ಯಶ್ರಾವ್ಯ ಸಾಧನಗಳು ಹಳ್ಳಿಯ ಮಕ್ಕಳವರೆಗೆ ಹೋದದ್ದು ಮೂರು ಅಲೆಗಳಲ್ಲಿ ಎನ್ನಬಹುದು. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಸೇರಿದ್ದುವು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ತರುವಾಯ ಆಕಾಶವಾಣಿಯಲ್ಲಿ 'ಕೇಳಿ ಕಲಿ' ಎಂಬ ಶಾಲಾಪಾಠಗಳು ಬಂದುವು. ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕಾಗಿಯೇ ಹಾರಿಸಲ್ಪಟ್ಟ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದುವು. ೨೦೧೭ರಲ್ಲಿ ಆರಂಭವಾದ 'ದೀಕ್ಷಾ' ಎಂಬ ಜಾಲವೇದಿಕೆಯಿಂದ, ಪಠ್ಯಪುಸ್ತಕದ ಪುಟದಲ್ಲಿರುವ ಸಂಕೇತದ ಚೌಕವನ್ನು ಮೊಬೈಲು ಫೋನಿಗೆ ತೋರಿಸಿದೊಡನೆ ಪಾಠದ ಚಲಚ್ಚಿತ್ರವು ತೆರೆಯುವ ಅನುಕೂಲವು ಒದಗಿದೆ. ಉಪಕರಣವು ಊರಿನ ಪಂಚಾಯತಿ ಕಟ್ಟಡದಿಂದ ತಾಯ್ತಂದೆಗಳ ಅಂಗೈಗೆ ಬಂದಿದೆಯೆಂಬುದು ಈ ಬೆಳವಣಿಗೆಯ ಸಾರಾಂಶ.

೨

ಇನ್ನು ಕಲಿಯುವ ಮಗುವಿನ ಕಡೆಗೆ ತಿರುಗೋಣ. ಮಂಗಳೂರಿನ ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿ ಕುಳಿತ ಮಕ್ಕಳ ಮನೆಮಾತು ಬಹುಶಃ ಕನ್ನಡವಾಗಿರುವುದಿಲ್ಲ. ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಎಂಬಿವುಗಳಲ್ಲಿ ಒಂದನ್ನು ಮನೆಯಲ್ಲಿ ಆಡಿ, ಇನ್ನೊಂದನ್ನು ನೆರೆಮನೆಯಲ್ಲಿ ಕೇಳಿ, ಶಾಲೆಯಲ್ಲಿ ಕನ್ನಡವನ್ನು ಓದಿ ಬರೆದು ಬೆಳೆಯುವುದು ಇಲ್ಲಿನ ವಾಡಿಕೆ. ಆದಕಾರಣ ಇಂಗ್ಲಿಷು ಅನೇಕ ಮಕ್ಕಳಿಗೆ ಎರಡನೆಯ ಭಾಷೆಯಲ್ಲ. ಮೂರನೆಯದೋ ನಾಲ್ಕನೆಯದೋ ಆಗಿರುವುದು. ಅಂಗಡಿಯ ಫಲಕಗಳಲ್ಲಿ ಅದರ ಅಕ್ಷರಗಳು ಎಲ್ಲೆಡೆಯೂ ಕಂಡರೂ, ಮನೆಯ ಜಗಲಿಯಲ್ಲಿಯಾಗಲಿ ಆಟದ ಬಯಲಿನಲ್ಲಿಯಾಗಲಿ ಅದನ್ನಾಡುವವರಿಲ್ಲದ ಮಗುವಿಗೆ ಅದು ಪರಭಾಷೆಯೇ ಸರಿ.

ಹೀಗೆ ಭಾಷೆಗಳ ನಡುವೆ ಬೆಳೆದ ಮಗುವನ್ನು 'ಇಂಗ್ಲಿಷು ಬಾರದ ಮಗು' ಎಂದು ಮಾತ್ರ ಎಣಿಸುವುದು ಅನ್ಯಾಯ. ಅದರ ಕಿವಿಯಲ್ಲಿಯೂ ನಾಲಗೆಯಲ್ಲಿಯೂ ಈಗಾಗಲೇ ಬಹಳ ಸಂಪತ್ತಿದೆ. ತುಳುವಿನ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 'ನಾನು ಹೋಗುತ್ತೇನೆ' ಎಂಬುದಕ್ಕೆ ತುಳುವಿನಲ್ಲಿ 'ಯಾನ್ ಪೋಪೆ' ಎಂದೂ, 'ಅವನು ಹೋಗುತ್ತಾನೆ' ಎಂಬುದಕ್ಕೆ 'ಆಯೆ ಪೋಪೆ' ಎಂದೂ ಹೇಳುವರು. ಕನ್ನಡ ಲಿಪಿಯಲ್ಲಿ ಎರಡು ಕ್ರಿಯಾಪದಗಳೂ ಒಂದೇ ಆಗಿ ಕಾಣುವುವು. ಉಚ್ಚಾರಣೆಯಲ್ಲಿ ಹಾಗಲ್ಲ. ಉತ್ತಮ ಪುರುಷದ ಕೊನೆಯ ಎಕಾರವು ಬಾಯನ್ನು ಅಗಲಿಸಿ ನುಡಿಯುವ ವಿವೃತ ಸ್ವರ. ಪ್ರಥಮ ಪುರುಷದ್ದು ಸಂವೃತ ಸ್ವರ. ಅರ್ಥಭೇದವೆಲ್ಲವೂ ಈ ಸ್ವರಭೇದದ ಮೇಲೆ ನಿಂತಿದೆ. ಮೂರು ವರ್ಷದ ತುಳು ಮಗುವು ಇದರಲ್ಲಿ ಎಡವುವುದಿಲ್ಲ. ಕೊಂಕಣಿಯಲ್ಲಿಯೂ ಎಕಾರ ಒಕಾರಗಳಿಗೆ ವಿವೃತ ಸಂವೃತ ಭೇದವುಂಟು. ಬ್ಯಾರಿ ಸಮಾಜದ ಮಕ್ಕಳಿಗೆ ಕುರಾನ್ ಪಠಣದ ಮೂಲಕ, ಕನ್ನಡದ ಮೂಲ ವರ್ಣಮಾಲೆಯಲ್ಲಿಲ್ಲದ ಫ಼ಕಾರ ಜ಼ಕಾರಗಳು ಎಳವೆಯಲ್ಲಿಯೇ ಕಿವಿಗೆ ಬಿದ್ದಿರುತ್ತವೆ.

ಇಂಗ್ಲಿಷಿನಲ್ಲಿ ಅಕ್ಷರಗಳು ೨೬. ಧ್ವನಿಗಳಾದರೋ ಸುಮಾರು ೪೪. ಬರೆದಂತೆ ಓದುವ ಕ್ರಮಕ್ಕೆ ಒಗ್ಗಿದ ನಮ್ಮ ಮಕ್ಕಳಿಗೆ ಇದೇ ಮೊದಲನೆಯ ತೊಡಕು. ಆ ಧ್ವನಿಗಳಲ್ಲಿ ಕೆಲವನ್ನು ಮನೆಮಾತಿನ ಸಹಾಯದಿಂದ ಮಗುವು ಸುಲಭವಾಗಿ ಹಿಡಿಯಬಲ್ಲುದು. ಆದರೆ ನಾವು ಲಿಪಿಯನ್ನು ಮುಂದೆ ಹಿಡಿದು ಆ ದಾರಿಯನ್ನು ಮುಚ್ಚುತ್ತಿದ್ದೇವೆ.

೩

ಈ ಮಾತನ್ನು ಮಂಗಳೂರಿನವರೆಲ್ಲರಿಗೂ ಪರಿಚಿತವಾದ ಒಂದು ಶಬ್ದದಿಂದ ಸ್ಪಷ್ಟಪಡಿಸಬಹುದು. ೧೯೦೬ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಈ ನಗರದಲ್ಲಿ ಸ್ಥಾಪಿಸಿದ ನಿಧಿಯು ಮುಂದೆ ಕೆನರಾ ಬ್ಯಾಂಕಾಯಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕೂ ೧೯೩೧ರಲ್ಲಿ ವಿಜಯಾ ಬ್ಯಾಂಕೂ ಇಲ್ಲಿಯೇ ಹುಟ್ಟಿದುವು. ಇಂಗ್ಲಿಷಿನ ಆ ಶಬ್ದದ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲದುದರಿಂದ ಯಕಾರದ ಒತ್ತನ್ನೂ ಆಕಾರವನ್ನೂ ಸೇರಿಸಿ 'ಬ್ಯಾಂಕು' ಎಂದು ಬರೆಯುತ್ತೇವೆ. ಬರವಣಿಗೆಯ ಅನುಕೂಲಕ್ಕೆ ಇದು ಸಾಕು. ಆದರೆ ಇದನ್ನು ಓದಿ ಇಂಗ್ಲಿಷು ಕಲಿಯುವ ಮಗುವು, ಮೂಲದಲ್ಲಿಲ್ಲದ ಯಕಾರವನ್ನೂ ದೀರ್ಘ ಆಕಾರವನ್ನೂ ನುಡಿಯುವುದು. ಅದೇ ಮಗುವು ಶಬ್ದವನ್ನು ಮೊದಲು ಕಿವಿಯಿಂದ ಕೇಳಿದ್ದರೆ, 'ಯಾನ್ ಪೋಪೆ' ಎನ್ನುವಾಗಿನ ತನ್ನದೇ ವಿವೃತ ಸ್ವರದ ಸಮೀಪಕ್ಕೆ ಅದನ್ನು ತಂದುಕೊಳ್ಳುತ್ತಿತ್ತು. 'ಪೆನ್' ಮತ್ತು 'ಪ್ಯಾನ್' ಎಂದು ನಾವು ಬರೆಯುವ ಎರಡು ಶಬ್ದಗಳ ನಡುವಣ ಭೇದವು, ತುಳುವಿನ ಎರಡು 'ಪೋಪೆ'ಗಳ ನಡುವಣ ಭೇದಕ್ಕೆ ಹತ್ತಿರದ ನಂಟು. ಎರಡೂ ಸರ್ವಥಾ ಒಂದೇ ಎಂದು ಹೇಳುವ ಆಶಯವಿಲ್ಲ. ಕಿವಿಗೆ ದಾರಿ ತೋರುವಷ್ಟು ಸಾಮ್ಯವಿದೆ ಎಂಬುದಷ್ಟೆ.

ಬಹುಮಾಧ್ಯಮದ ಮೊದಲನೆಯ ಪ್ರಯೋಜನವು ಇಲ್ಲಿಯೇ ಇದೆ. ಕನ್ನಡ ಶಾಲೆಯ ಉಪಾಧ್ಯಾಯರಲ್ಲಿ ಅನೇಕರು ತಾವೂ ಪುಸ್ತಕದ ಮೂಲಕವೇ ಇಂಗ್ಲಿಷನ್ನು ಕಲಿತವರು. ಅವರ ಪಾಂಡಿತ್ಯಕ್ಕೆ ಇದರಿಂದ ಕುಂದಿಲ್ಲವಾದರೂ, ಎಳೆಯ ಕಿವಿಗೆ ಬೇಕಾದ ಧ್ವನಿಯ ಮಾದರಿಯನ್ನು ಕೊಡಲು ಅವರು ಸಂಕೋಚಪಡುವುದುಂಟು. ಯಂತ್ರವು ಆ ಮಾದರಿಯನ್ನು ಬೇಸರವಿಲ್ಲದೆ ನೂರು ಸಲ ಕೊಡಬಲ್ಲುದು. ಎರಡನೆಯ ಪ್ರಯೋಜನವು ಚಲಚ್ಚಿತ್ರದ್ದು. 'ಫ಼ಿಶ್' ಎನ್ನುವಾಗ ಮೇಲಿನ ಹಲ್ಲು ಕೆಳದುಟಿಯನ್ನು ತಾಕುವುದೆಂದು ವ್ಯಾಕರಣದ ಮಾತಿನಲ್ಲಿ ಆರು ವರ್ಷದ ಮಗುವಿಗೆ ಹೇಳಿ ಫಲವಿಲ್ಲ. ಮಾತನಾಡುವವರ ಬಾಯನ್ನು ಹತ್ತಿರದಿಂದ ತೋರಿಸಿದರೆ ಅದು ನೋಡಿ ಅನುಕರಿಸುವುದು. ಮೂರನೆಯದು, ಅರ್ಥವನ್ನು ಅನುವಾದದ ಹಂಗಿಲ್ಲದೆ ಕಾಣಿಸುವುದು. ದಕ್ಕೆಗೆ ಬಂದ ದೋಣಿಯಿಂದ ಬಂಗುಡೆ ಬೂತಾಯಿಗಳ ಬುಟ್ಟಿಯನ್ನು ಇಳಿಸುವ ದೃಶ್ಯವೊಂದರಿಂದ ದೋಣಿ, ಮೀನು, ಬುಟ್ಟಿ, ಎತ್ತು, ಇಳಿಸು ಎಂಬ ಐದು ಮಾತುಗಳು ಕ್ರಿಯೆಯೊಡನೆಯೇ ಮನಸ್ಸಿಗೆ ಬರುವುವು.

೪

ಆದರೆ ಸಾಧನಗಳು ಹಲವಾದಷ್ಟೂ ಕಲಿಕೆಯು ಹೆಚ್ಚುವುದೆಂದು ಭಾವಿಸಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಮೇಯರರು ೨೦೦೧ರಲ್ಲಿ ಪ್ರಕಟಿಸಿದ ಬಹುಮಾಧ್ಯಮ ಕಲಿಕೆಯ ಗ್ರಂಥದಲ್ಲಿ ಇದರ ಬಗೆಗೆ ಪ್ರಯೋಗಸಿದ್ಧವಾದ ಕೆಲವು ಸೂತ್ರಗಳನ್ನು ನಿರೂಪಿಸಿದ್ದಾರೆ. ಮನಸ್ಸಿಗೆ ಕಣ್ಣಿನ ದಾರಿಯೊಂದು, ಕಿವಿಯ ದಾರಿಯೊಂದು, ಎರಡೂ ಇಕ್ಕಟ್ಟಾದುವು, ಒಮ್ಮೆಗೆ ಸ್ವಲ್ಪವೇ ಒಳಗೆ ಹೋಗಬಲ್ಲುದು. ಆದುದರಿಂದ ಚಿತ್ರವೂ ಅದಕ್ಕೆ ಸಂಬಂಧಿಸಿದ ಮಾತೂ ಒಂದೇ ಕಾಲದಲ್ಲಿ ಬರಬೇಕು. ಪಾಠಕ್ಕೆ ಸಂಬಂಧಿಸದ ಅಲಂಕಾರಗಳು ಹೋಗಬೇಕು. ಚಿತ್ರವನ್ನು ನೋಡುತ್ತಿರುವ ಕಣ್ಣಿಗೆ ಕೇಳುತ್ತಿರುವ ಮಾತನ್ನೇ ಮತ್ತೆ ಲಿಪಿಯಲ್ಲಿ ತೋರಿಸಿದರೆ ಭಾರವೇ ಹೊರತು ಲಾಭವಿಲ್ಲ. ಮೇಯರರ ಪ್ರಯೋಗಗಳು ಬಹುತೇಕ ಕಾಲೇಜು ವಿದ್ಯಾರ್ಥಿಗಳ ಮೇಲೆ, ಅವರ ಸ್ವಭಾಷೆಯಲ್ಲಿ ನಡೆದಂಥವು. ಅವನ್ನು ಎಳೆಯರ ಪರಭಾಷಾ ಕಲಿಕೆಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಓದಬಲ್ಲ ದೊಡ್ಡ ಮಕ್ಕಳಿಗೆ ಪರಭಾಷೆಯ ವೇಗದ ಮಾತನ್ನು ಹಿಡಿಯಲು ಕೆಳಗಿನ ಲಿಪಿಯು ಆಸರೆಯಾಗಬಹುದು. ಆದರೆ ರೋಮನ್ ಅಕ್ಷರಗಳನ್ನು ಇನ್ನೂ ಕೂಡಿಸಿ ಓದಲಾರದ ಮಗುವಿಗೆ ಅದು ಚಿತ್ರದ ಮೇಲಣ ಕಸ ಮಾತ್ರ.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಮಕ್ಕಳಿಗೆಂದು ಈಗ ಮೊಬೈಲಿನಲ್ಲಿ ದೊರೆಯುವ ಹಾಡು ಕಥೆಗಳಲ್ಲಿ ಹಲವು ತೇರ್ಗಡೆಯಾಗಲಾರವು. ಕ್ಷಣಕ್ಕೊಮ್ಮೆ ಬದಲಾಗುವ ಬಣ್ಣ, ಮಾತನ್ನು ಮುಚ್ಚುವ ವಾದ್ಯ, ಕರಾವಳಿಯ ಮಗುವು ಎಂದೂ ಕಾಣದ ಹಿಮದ ದೃಶ್ಯ ಇವೆಲ್ಲವೂ ಸೇರಿ ಮಗುವನ್ನು ಸುಮ್ಮನೆ ಕೂರಿಸಬಲ್ಲುವು. ಕಲಿಸುವುದು ಬೇರೆ ಮಾತು. ಹಾಡನ್ನು ಪೂರ್ತಿಯಾಗಿ ಒಪ್ಪಿಸುವ ಮಗುವು, ಅದರೊಳಗಣ ಒಂದು ಮಾತನ್ನು ಬಳಸಿ ನೀರನ್ನು ಕೇಳಲಾರದೆ ನಿಲ್ಲುವುದು ಇದಕ್ಕೆ ಸಾಕ್ಷಿ. ಹಾಡು ಬೇಡವೆಂದಲ್ಲ. ಇದೇ ಮಂಗಳೂರಿನಲ್ಲಿ ಉಪಾಧ್ಯಾಯರಾಗಿಯೂ ಶಾಲಾ ಇನ್‌ಸ್ಪೆಕ್ಟರರಾಗಿಯೂ ಇದ್ದ 'ಕವಿಶಿಷ್ಯ' ಪಂಜೆ ಮಂಗೇಶರಾಯರು (೧೮೭೪–೧೯೩೭) ಶಿಶುಗೀತೆಯನ್ನು ತರಗತಿಯ ಸಾಧನವನ್ನಾಗಿ ಮಾಡಿದರು. ಅವರ ಗೀತೆಗಳಲ್ಲಿ ಮಗುವಿನ ಪರಿಚಿತ ಪ್ರಪಂಚವಿದೆ, ಸರಳವಾದ ಲಯವಿದೆ, ಅಭಿನಯಕ್ಕೆ ಎಡೆಯಿದೆ. ಇಂಗ್ಲಿಷು ಪಾಠದ ಧ್ವನಿಚಿತ್ರಗಳನ್ನು ನಿರ್ಮಿಸುವವರು ಆರಿಸಿಕೊಳ್ಳಬೇಕಾದ ಮಾದರಿಯು ಇದೇ.

೫

ಇಲ್ಲಿ ಮುಖ್ಯವಾದ ಪ್ರಶ್ನೆಯು ಏಳುವುದು. ಯಂತ್ರವು ಇಷ್ಟನ್ನೆಲ್ಲ ಮಾಡಬಲ್ಲುದಾದರೆ ಉಪಾಧ್ಯಾಯರ ಕೆಲಸವೇನು? ಮಕ್ಕಳ ಸಂಖ್ಯೆ ಕಡಿಮೆಯಾಗಿ ಒಬ್ಬಿಬ್ಬರು ಉಪಾಧ್ಯಾಯರಿಂದ ನಡೆಯುವ ಶಾಲೆಗಳಲ್ಲಿ ಈ ಪ್ರಶ್ನೆಯು ಕೇವಲ ತಾತ್ತ್ವಿಕವಾದುದಲ್ಲ.

೨೦೦೩ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೆಟ್ರೀಶಿಯಾ ಕೂಲ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಕೊಡುವುದು. ಇಂಗ್ಲಿಷು ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬೈಠಕುಗಳಲ್ಲಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಕೆಲವು ಶಿಶುಗಳೊಡನೆ ಚೀನೀ ಮಾತನಾಡುವವರು ಎದುರಿಗೆ ಕುಳಿತು ಆಡಿದರು, ಓದಿದರು. ಇನ್ನು ಕೆಲವು ಶಿಶುಗಳಿಗೆ ಅದೇ ಜನರ ಅದೇ ಮಾತನ್ನು ಚಲಚ್ಚಿತ್ರದಲ್ಲಿ ತೋರಿಸಲಾಯಿತು, ಅಥವಾ ಧ್ವನಿಯನ್ನು ಮಾತ್ರ ಕೇಳಿಸಲಾಯಿತು. ಎದುರಿಗೆ ಮನುಷ್ಯರಿದ್ದ ಶಿಶುಗಳು ಚೀನೀ ಧ್ವನಿಭೇದವನ್ನು ಗುರುತಿಸಲು ಕಲಿತುವು. ಯಂತ್ರದ ಮುಂದಿದ್ದುವು ಕಲಿಯಲಿಲ್ಲ. ಶಿಶುಗಳ ವಿಷಯದಲ್ಲಿ ಸಿದ್ಧವಾದುದು ಶಾಲೆಯ ಮಕ್ಕಳಿಗೆ ಅಷ್ಟೇ ಬಿಗಿಯಾಗಿ ಅನ್ವಯಿಸಲಾರದು. ಶಾಲೆಯ ವಯಸ್ಸಿನವರು ತೆರೆಯಿಂದಲೂ ಅಷ್ಟಿಷ್ಟು ಕಲಿಯುವರು. ಆದರೂ ಮಾತು ಎಂಬುದು ಒಬ್ಬರು ಇನ್ನೊಬ್ಬರಿಗೆ ಆಡುವಂಥದು ಎಂಬ ಮೂಲತತ್ತ್ವವು ಇದರಿಂದ ದೃಢವಾಗುವುದು.

ನಮ್ಮಲ್ಲಿಯೇ ನಡೆದ ಸಂಗತಿಯೊಂದು ಇದಕ್ಕೆ ಹೊಂದಿಕೊಳ್ಳುವುದು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಯಂತ್ರವೇ ಶಾಲೆಯಾಗಬಹುದೆಂಬ ಆಶೆಯು ಹಲವರಲ್ಲಿ ಹುಟ್ಟಿತು. ಕೆಲವೇ ತಿಂಗಳುಗಳಲ್ಲಿ ಕರ್ನಾಟಕ ಸರಕಾರವು 'ವಿದ್ಯಾಗಮ' ಎಂಬ ಯೋಜನೆಯನ್ನು ಹೂಡಿ, ಉಪಾಧ್ಯಾಯರನ್ನೇ ಮಕ್ಕಳಿದ್ದೆಡೆಗೆ ಕಳುಹಿಸಬೇಕಾಯಿತು. ಮರದ ನೆರಳಿನಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ಚಿಕ್ಕ ಚಿಕ್ಕ ಗುಂಪುಗಳಾಗಿ ಪಾಠಗಳು ನಡೆದುವು. ರೋಗದ ಭಯದಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಆ ಯೋಜನೆಯನ್ನು ನಿಲ್ಲಿಸಿದರಾದರೂ, ಉಪಕರಣವಿದ್ದ ಮಾತ್ರಕ್ಕೆ ಶಾಲೆಯಾಗದೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಈಚೆಗೆ ಮಗುವಿನ ಉಚ್ಚಾರಣೆಯನ್ನು ಕೇಳಿ ತಪ್ಪು ಒಪ್ಪು ಹೇಳುವ ಯಂತ್ರಗಳೂ ಬಂದಿವೆ. ಅವು ಉಪಯುಕ್ತವೇ. ಆದರೆ ಅವುಗಳಿಗೆ ತಿಳಿಯುವುದು ತಪ್ಪಾಯಿತೆಂಬುದು ಮಾತ್ರ. ತಪ್ಪು ಯಾವ ಮನೆಮಾತಿನಿಂದ ಬಂತೆಂಬುದನ್ನು ತಿಳಿದು, 'ನೀನು ಯಾನ್ ಪೋಪೆ ಎನ್ನುವಾಗ ಬಾಯನ್ನು ಹೇಗೆ ತೆರೆಯುತ್ತೀಯೋ ಹಾಗೆ ತೆರೆ, ಮಗಾ' ಎಂದು ಹೇಳಬಲ್ಲವರು ಮಗುವಿನ ಊರಿನ ಉಪಾಧ್ಯಾಯರೇ.

೬

ಮೇಲಿನ ವಿಚಾರಗಳನ್ನು ಒಂದು ಪಾಠದ ಕ್ರಮಕ್ಕೆ ಇಳಿಸಿದರೆ ಅದು ಸ್ಥೂಲವಾಗಿ ಈ ಮೇರೆಗೆ ಇರಬಹುದು. ಎರಡನೆಯ ತರಗತಿ, ವಿಷಯ ಮಳೆ. ಮೊದಲು ಉಪಾಧ್ಯಾಯರು ಮಳೆಯ ವಿಚಾರವಾಗಿ ಮಕ್ಕಳೊಡನೆ ಕನ್ನಡದಲ್ಲಿಯೂ ಬೇಕಾದಲ್ಲಿ ತುಳುವಿನಲ್ಲಿಯೂ ಎರಡು ಮಾತನ್ನಾಡುವರು. ಆ ಮೇಲೆ ಎರಡು ನಿಮಿಷದ ಚಲಚ್ಚಿತ್ರ: ಆಟಿ ತಿಂಗಳ ಮಳೆ, ಕೊಡೆ, ತುಂಬಿದ ತೋಡು, ಒಂದೊಂದು ದೃಶ್ಯಕ್ಕೆ ಒಂದೊಂದೇ ಇಂಗ್ಲಿಷು ವಾಕ್ಯ, ವಾದ್ಯವಿಲ್ಲ, ಲಿಪಿಯಿಲ್ಲ. ಎರಡನೆಯ ಸಲ ತೋರಿಸುವಾಗ ಮಕ್ಕಳು ವಾಕ್ಯವನ್ನು ಕೇಳಿ ಅಭಿನಯಿಸುವರು. ಮೂರನೆಯ ಸಲ ಧ್ವನಿಯನ್ನು ನಿಲ್ಲಿಸಿ, ದೃಶ್ಯವನ್ನು ನೋಡಿ ವಾಕ್ಯವನ್ನು ತಾವೇ ಹೇಳುವರು. ಬಳಿಕ ಯಂತ್ರವನ್ನು ಮುಚ್ಚಿ, ಒಂದು ನಿಜವಾದ ಕೊಡೆಯನ್ನು ಕೈಯಿಂದ ಕೈಗೆ ಕೊಡುತ್ತ ಅದೇ ವಾಕ್ಯಗಳನ್ನು ಒಬ್ಬರಿಗೊಬ್ಬರು ಆಡುವರು. ಲಿಪಿಯು ಬರುವುದು ಮರುದಿನ. ಆಗಲೂ ರೋಮನ್ ಲಿಪಿಯೇ ಬರಬೇಕು, ಕನ್ನಡ ಅಕ್ಷರದಲ್ಲಿ ಬರೆದುಕೊಂಡ ಇಂಗ್ಲಿಷು ಬರಬಾರದು. ಈ ಕ್ರಮದಲ್ಲಿ ನಲವತ್ತು ನಿಮಿಷಗಳ ಪಾಠದಲ್ಲಿ ಯಂತ್ರದ ಪಾಲು ಹತ್ತು ನಿಮಿಷವನ್ನು ಮೀರುವುದಿಲ್ಲ. ಪ್ರತಿ ಮಗುವಿಗೂ ಒಂದೊಂದು ಉಪಕರಣವು ಬೇಕಿಲ್ಲ. ತರಗತಿಗೆ ಒಂದು ತೆರೆಯೂ ಒಳ್ಳೆಯ ಧ್ವನಿವರ್ಧಕವೂ ಇದ್ದರೆ ಸಾಕು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ 'ನಲಿ ಕಲಿ' ಪದ್ಧತಿಯಲ್ಲಿ ಹಾಡು, ಚಟುವಟಿಕೆ, ಗುಂಪುಕಲಿಕೆಗಳಿಗೆ ಸ್ಥಾನವಿರುವುದರಿಂದ ಇಂತಹ ಪಾಠವು ನಮ್ಮ ಶಾಲೆಗಳಿಗೆ ಹೊರಗಿನದಾಗಿ ತೋರದು.

೭

ಈಗ ಆರಂಭದಲ್ಲಿ ಹೇಳಿದ ಶಬ್ದಸಾಂಕರ್ಯದ ಫಲವನ್ನು ನೋಡೋಣ. ೧೯೯೪ರಲ್ಲಿ ಕರ್ನಾಟಕ ಸರಕಾರವು ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಬೋಧನ ಮಾಧ್ಯಮವಾಗಬೇಕೆಂದು ಆಜ್ಞೆ ಮಾಡಿತು. ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಾಧ್ಯಮವನ್ನು ಆರಿಸುವ ಹಕ್ಕು ತಾಯ್ತಂದೆಗಳಿಗೆ ಸೇರಿದುದೆಂದೂ ಸರಕಾರವು ಅದನ್ನು ಹೇರಲಾಗದೆಂದೂ ತೀರ್ಪಿತ್ತಿತು. ಇದರ ನಡುವೆ ೨೦೦೭ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿ ಬಂದಿತು. ೨೦೧೯ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳೇ ತೆರೆದುವು. ಕಾನೂನಿನ ಪ್ರಶ್ನೆಯು ಇತ್ಯರ್ಥವಾಗಿದೆ. ಆಯ್ಕೆಯು ತಾಯ್ತಂದೆಗಳ ಕೈಯಲ್ಲಿದೆ. ಅವರು ತಮ್ಮ ಮಗುವಿಗೆ ಇಂಗ್ಲಿಷು ಬರಬೇಕೆಂದು ಬಯಸುವುದು ಸಹಜವೂ ನ್ಯಾಯವೂ ಆಗಿದೆ. ಆಜ್ಞೆಯಿಂದ ಅವರನ್ನು ತಡೆಯಲಾಗದು. ಕನ್ನಡ ಶಾಲೆಯಲ್ಲಿಯೂ ಒಳ್ಳೆಯ ಇಂಗ್ಲಿಷು ದೊರೆಯುವುದೆಂದು ಕಾರ್ಯತಃ ತೋರಿಸಿಕೊಟ್ಟರೆ ಮಾತ್ರ ಅವರ ಮನಸ್ಸು ತಿರುಗೀತು.

ಗಣಿತದ ಭಾಗಲಬ್ಧವನ್ನು ಅರ್ಥಮಾಡಿಕೊಳ್ಳಬೇಕಾದ ಮಗುವಿಗೆ ಅದನ್ನು ಅರಿಯದ ಭಾಷೆಯಲ್ಲಿ ಹೇಳಿದರೆ ಗಣಿತವೂ ಬಾರದು, ಭಾಷೆಯೂ ಬಾರದು. ಪ್ರಾಥಮಿಕ ವಿದ್ಯೆಗೆ ಮಾತೃಭಾಷೆಯೇ ಶ್ರೇಷ್ಠವಾದ ಸಾಧನವೆಂದು ಯುನೆಸ್ಕೋ ಸಂಸ್ಥೆಯು ೧೯೫೩ರ ವರದಿಯಲ್ಲಿಯೇ ಪ್ರತಿಪಾದಿಸಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯೂ ಸಾಧ್ಯವಿದ್ದೆಡೆಯಲ್ಲಿ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಪ್ರಾದೇಶಿಕ ಭಾಷೆಯೇ ಮಾಧ್ಯಮವಾಗಲೆಂದು ಹೇಳಿದೆ. ಈ ತತ್ತ್ವವನ್ನು ಉಳಿಸಿಕೊಂಡು ಇಂಗ್ಲಿಷಿನ ಬಯಕೆಯನ್ನೂ ಪೂರೈಸುವ ದಾರಿಯೆಂದರೆ, ದಿನಕ್ಕೊಂದು ಗಂಟೆಯ ಇಂಗ್ಲಿಷು ಪಾಠವನ್ನು ಅತ್ಯಂತ ಸಮರ್ಥವನ್ನಾಗಿ ಮಾಡುವುದು. ಆ ಒಂದು ಗಂಟೆಗೆ ಬೇಕಾದ ಧ್ವನಿ, ದೃಶ್ಯ, ಪುನರಾವೃತ್ತಿಗಳನ್ನು ಯಂತ್ರವು ಕೊಡಬಲ್ಲುದು. ಅರ್ಥ, ತಿದ್ದುಪಡಿ, ಮಾತಿಗೆ ಮಾತು ಎಂಬಿವನ್ನು ಉಪಾಧ್ಯಾಯರು ಕೊಡಬೇಕು. ಅಸ್ತಿಭಾರವನ್ನು ಮಗುವಿನ ಸ್ವಂತ ಭಾಷೆಗಳು ಕೊಡುವುವು.

ಆದಕಾರಣ ಶಾಲೆಗೆ ಉಪಕರಣಗಳನ್ನು ಕೊಡುವ ದಾನಿಗಳೂ ಅಧಿಕಾರಿಗಳೂ ಅದರೊಡನೆ ಎರಡು ಕೆಲಸಗಳನ್ನು ಕೈಗೊಳ್ಳುವುದು ಅಗತ್ಯ. ಒಂದು, ತುಳು ಕೊಂಕಣಿ ಬ್ಯಾರಿ ಕನ್ನಡಗಳ ಧ್ವನಿವ್ಯವಸ್ಥೆಯನ್ನು ಇಂಗ್ಲಿಷಿನೊಡನೆ ಹೋಲಿಸಿ, ಕರಾವಳಿಯ ಮಕ್ಕಳಿಗಾಗಿಯೇ ಪಾಠಗಳನ್ನು ರಚಿಸುವುದು. ಇದು ವಿದ್ವಾಂಸರ ಕೆಲಸ. ಇನ್ನೊಂದು, ಆ ಪಾಠಗಳನ್ನು ನಡೆಸುವ ಉಪಾಧ್ಯಾಯರನ್ನು ತರಬೇತುಗೊಳಿಸಿ ಅವರ ಸಂಖ್ಯೆಯನ್ನು ಕುಂದಿಸದಿರುವುದು. ಇದು ಸರಕಾರದ ಕೆಲಸ. ಮೊದಲನೆಯ ಕೆಲಸವನ್ನು ಆರಂಭಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಭಾಷಾಶಾಸ್ತ್ರವನ್ನೂ ಸಾಹಿತ್ಯವನ್ನೂ ಬೋಧಿಸುವ ನಮ್ಮ ವಾಚಕರಲ್ಲಿ ಕೆಲವರಾದರೂ ಸಮೀಪದ ಪ್ರಾಥಮಿಕ ಶಾಲೆಯೊಂದಕ್ಕೆ ಹೋಗಿ, ಮಕ್ಕಳ ಮಾತಿಗೆ ಕಿವಿಗೊಟ್ಟು ಇದನ್ನು ಕೈಗೆತ್ತಿಕೊಳ್ಳುವರೆಂದು ನಂಬುತ್ತೇವೆ.